ಮೂರು ಕಿಲೋ ನೆಲ್ಲು, ಮೂರಕ್ಷರದ ವಾಸನೆ

ಮೂಗುಳ್ಳ ಮಹಾಜನಗಳೇ, ನೆಗಡಿಯಾದ ಗಣ್ಯರೇ, ಇವರಿಬ್ಬರ ನಡುವೆ ಕುರ್ಚಿ ಹಾಕಿಕೊಂಡು ಕುಳಿತಿರುವ ಮಾನ್ಯ ಬೀಜ ಪರಿಶೀಲನಾಧಿಕಾರಿಗಳೇ,

ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ರಾಯಚೂರಿನ ನಿಮ್ಮ ಕಚೇರಿಯ ಹಿತ್ತಲಲ್ಲಿ ಮೂರು ಕಿಲೋ ನೆಲ್ಲನ್ನು, ನಿಮ್ಮ ಕಡತದ ಮಾತಿನಲ್ಲಿ ಭತ್ತವನ್ನು, ಸುಡುವುದಾಗಿ ನೋಟಿಸು ಕಳಿಸಿದ್ದೀರಿ. ಆ ನೆಲ್ಲು ದೇವದುರ್ಗ ತಾಲ್ಲೂಕು ಗೂಗಲ್ಲಿನ ದುರುಗಮ್ಮನದು. ಅದರ ಅಪರಾಧ? ವಾಸನೆ ಇದೆಯಂತೆ. ಇದೆ, ಮಾನ್ಯರೇ. ಇರುವುದರಿಂದಲೇ ನಿಮ್ಮಲ್ಲಿಗೆ ತಂದದ್ದು. ಹಾಡಲು ಬಂದವನನ್ನು ಗದ್ದಲ ಮಾಡಿದನೆಂದು ಹಿಡಿದು ಒಳಗೆ ಹಾಕಿದ ಹಾಗಾಯಿತು.

ಸುಡುವ ಮುನ್ನ, ಏನನ್ನು ಸುಡುತ್ತಿದ್ದೀರಿ ಎಂಬುದಾದರೂ ನಿಮಗೆ ಗೊತ್ತಿರಲಿ. ನಾನು ಕನ್ನಡ ಶಾಲೆಯಲ್ಲಿ ಕಲಿತವನು. ಸಸ್ಯಶಾಸ್ತ್ರದ ಪದವಿಯನ್ನೂ ಒಳಗೊಳಗೇ ಕನ್ನಡಕ್ಕೆ ತಿರುಗಿಸಿಕೊಂಡೇ ಪಾಸು ಮಾಡಿದೆ. ಹಾಗಾಗಿ ನಮ್ಮ ಭಾಷೆಯಲ್ಲೇ ಹೇಳುತ್ತೇನೆ. ನೆಲ್ಲಿನ ಗಿಡದೊಳಗೆ ಒಬ್ಬ ಗುಮಾಸ್ತನಿದ್ದಾನೆ. ಅವನನ್ನು ವಿಜ್ಞಾನದವರು ಕಿಣ್ವ ಎನ್ನುತ್ತಾರೆ. ಅವನನ್ನು ಹೇಗೆ ಕಟ್ಟಬೇಕು ಎಂಬ ಆದೇಶಪತ್ರವೇ ವಂಶವಾಹಿ. ಸಾಮಾನ್ಯ ನೆಲ್ಲಿನಲ್ಲಿ ಈ ಗುಮಾಸ್ತ ಬಲು ಚುರುಕು. ಮೇಜಿಗೆ ಬಂದ ರಾಸಾಯನಿಕವನ್ನು ಕೂಡಲೇ ಬೇರೆ ರೂಪಕ್ಕೆ ತಿರುಗಿಸಿ ಮುಂದಕ್ಕೆ ದಾಟಿಸಿಬಿಡುತ್ತಾನೆ, ಅನ್ನಕ್ಕೆ ಪರಿಮಳ ಬರುವುದಿಲ್ಲ. ಸುಗಂಧದ ನೆಲ್ಲುಗಳಲ್ಲಿ ಹೆಚ್ಚಿನವುಗಳ ಕಥೆ ಬೇರೆ. ಯಾವುದೋ ಕಾಲದಲ್ಲಿ ಆ ಆದೇಶಪತ್ರದಿಂದ ಎಂಟೇ ಎಂಟು ಅಕ್ಷರ ಉದುರಿಹೋದವು. ಗುಮಾಸ್ತ ಅರೆಬರೆಯಾಗಿ ಹುಟ್ಟಿ ಕೈಕಟ್ಟಿ ಕುಳಿತ. ಮೇಜಿನ ಮೇಲೆ ಸರಕು ಬಾಕಿ ಬಿತ್ತು. ಆ ಬಾಕಿಯೇ ಪರಿಮಳವಾಯಿತು. ಗುಮಾಸ್ತ ಕೆಲಸ ಮಾಡದ್ದರಿಂದ ಘನತೆ ಹೆಚ್ಚಿದ ಕಚೇರಿ ಜಗತ್ತಿನಲ್ಲಿ ಅದೊಂದೇ ಇರಬೇಕು. ನಿಮ್ಮಲ್ಲೂ ಬಾಕಿ ಇದೆ, ಬಂದು ಮೂಸಿ ಹೋಗಿದ್ದೇನೆ.

ದುರುಗಮ್ಮನ ನೆಲ್ಲಿನಲ್ಲಿ ಉದುರಿದ್ದು ಅವೇ ಎಂಟು ಅಕ್ಷರಗಳೋ, ಬೇರೆಯವೋ, ನೋಡಿ ಹೇಳಬೇಕಾದವರು ನೀವು. ಆದರೆ ಇಂಥ ನೆಲ್ಲಿಗೆ ಪಕ್ಕದ ಹೊಲದ ಪರಾಗ ತಗುಲಿತೆಂದರೆ, ಮುಂದಿನ ಪೈರಿಗೆ ಪೂರ್ತಿ ಆದೇಶದ ಒಂದು ಪ್ರತಿ ಸಿಕ್ಕಿ ಗುಮಾಸ್ತ ಎದ್ದು ಕೂರುತ್ತಾನೆ, ಪರಿಮಳ ಹೋಗುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಕುರಿ ಕಾಯುವ ಮನೆತನದ ಹೆಂಗಸು. ಆದರೂ ಮೂವತ್ತು ವರ್ಷ ಕೃಷ್ಣೆಯ ದಂಡೆಯ ಒಂದು ತುಂಡು ಮಡಿಯಲ್ಲಿ ಅದನ್ನು ಬೇರೆಯಾಗಿಯೇ ಬೆಳೆದಳು. ಸಾಲು ಹಿಡಿದು ನಡೆಯುತ್ತ, ಒಂದೊಂದು ಗಿಡದ ಎಲೆ ಹಿಸುಕಿ ಮೂಸಿ, ಪರಿಮಳವಿಲ್ಲದ್ದನ್ನು ಕಿತ್ತು ಕುರಿಗೆ ಹಾಕಿದಳು. ನಿಮ್ಮ ಇಡೀ ಕಚೇರಿ ಮಾಡಬೇಕಾದ ಕೆಲಸವನ್ನು ಒಂದು ಮೂಗು ಮಾಡಿತು.

ಕಳೆದ ಸುಗ್ಗಿಯಲ್ಲಿ ಮಾನ್ವಿ ಕಡೆಯಿಂದ ಬಂದ ಕೊಯ್ಲಿನ ಯಂತ್ರ ಹೊಟ್ಟೆಯಲ್ಲಿದ್ದ ಯಾರದೋ ನೆಲ್ಲನ್ನು ಅವಳ ರಾಶಿಗೆ ಬೆರೆಸಿಬಿಟ್ಟಿತು. ಶುದ್ಧವಾಗಿ ಉಳಿದದ್ದು ಯಂತ್ರ ಬರುವ ಮೊದಲು ಕೈಯಿಂದ ಕೊಯ್ದು ಗಡಿಗೆಯಲ್ಲಿಟ್ಟ ಬೀಜ ಮಾತ್ರ. ಇಂಥ ಬೀಜವನ್ನು ಹೆಚ್ಚಿಸಿಕೊಡುವ ಯೋಜನೆ ನಿಮ್ಮಲ್ಲಿದೆ ಎಂದು ಅವಳಿಗೆ ಹೇಳಿದವನು ನಾನೇ. ದೇವದುರ್ಗದ ಬಸ್ ನಿಲ್ದಾಣದ ಎದುರು ನನ್ನ ಜೆರಾಕ್ಸ್ ಅಂಗಡಿ, ಅರ್ಜಿ ಬರೆದುಕೊಡುವುದು ನನ್ನ ಕಸುಬು. ನಿಮ್ಮ ಅರ್ಜಿ ನಮೂನೆ ಕೇಳಿದ್ದು ಮೂರು ಕಿಲೋ. ಗಡಿಗೆಯಲ್ಲಿದ್ದದ್ದು ಮೂರು ಕಿಲೋ, ಮೇಲೆ ಎರಡು ಹಿಡಿ. ಆ ಎರಡು ಹಿಡಿಯನ್ನು ಕುಟ್ಟಿ ಅನ್ನ ಮಾಡಿ ನನಗೆ ಬಡಿಸಿದಳು. ಮುಚ್ಚಳ ತೆಗೆದದ್ದೇ ತಡ, ಆಚೆ ಮನೆಯ ಖಾಸಿಂ ಬೀ ಗೋಡೆ ಮೇಲಿಂದ ಇಣುಕಿ, “ಇವತ್ತೇನ್ ಹಬ್ಬನ ದುರುಗವ್ವಾ, ನಮಗ ಹೇಳಲಾರದ?” ಎಂದರು.

“ಉಣ್ಣಪ್ಪಾ,” ಎಂದಳು ದುರುಗಮ್ಮ ನನಗೆ. “ನಾಳಿ ಸಾಹೇಬ್ರು ಕೇಳಿದ್ರ ನೀನ ಸಾಕ್ಷಿ. ಬಾಯಿಲೆ ಅಲ್ಲ, ಹೊಟ್ಟೀಲೆ ಹೇಳು.”

ಹೇಳುತ್ತಿದ್ದೇನೆ.

ಕಳೆದ ಬುಧವಾರ ನೋಟಿಸು ಹಿಡಿದು ಇಬ್ಬರೂ ನಿಮ್ಮ ಕಚೇರಿಗೆ ಬಂದಿದ್ದೆವು. ನೀವು ಸಭೆಯಲ್ಲಿದ್ದಿರಿ. ಕಿಟಕಿಯಲ್ಲಿ ನಿಮ್ಮ ಗುಮಾಸ್ತರಿದ್ದರು.

“ವಾಸನಿ ಅದ ಅಂತ ಅರ್ಜಿಯೊಳಗ ಅದ ನೋಡ್ರಿ. ಅದಕ್ಕ ಹಾಳಾದ ಕಾಳಿನ ಪಟ್ಟಿಗೆ ಹೋಗ್ಯದ,” ಎಂದರು.

“ಚೀಲ ಬಿಚ್ಚಿ ನೋಡೀರೇನು ಯಪ್ಪಾ?” ಎಂದಳು ದುರುಗಮ್ಮ.

“ಸೀಲ್ ಆಗ್ಯದ ಯವ್ವಾ, ಬಿಚ್ಚಾಕ ಬರಂಗಿಲ್ಲ.”

“ಮೂಸಾಕರ ಬರ್ತದಲ್ಲ? ನಿಮ್ಮ ಮೂಗಿಗೂ ಸೀಲ್ ಹೊಡ್ದಾರೇನು?”

“ನಮೂನಿಯೊಳಗ ಮೂಗಿಗೆ ಕಾಲಂ ಇಲ್ಲಬೇ.”

ಅವಳು ಕಿಟಕಿಯ ಸರಳಿಗೆ ಮುಖ ಹಚ್ಚಿ ಒಂದು ಗಳಿಗೆ ಕಣ್ಣು ಮುಚ್ಚಿದಳು. “ಇಲ್ಲೇ ಅದ. ಆ ಎಡಗಡಿ ಕಪಾಟಿನಾಗ,” ಎಂದಳು. ಗುಮಾಸ್ತರು ಎದ್ದು ಕಪಾಟು ತೆಗೆದರು. ಅಲ್ಲೇ ಇತ್ತು. ಗುಮಾಸ್ತರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ. ಕಡತದ ಮೇಲೆ ಧೂಳು, ಕಪಾಟಿನೊಳಗೆ ಕಾಳು, ಕಿಟಕಿಯಲ್ಲಿ ದುರುಗಮ್ಮನ ಗೋಳು. ನಿಮ್ಮ ಆದೇಶವನ್ನು ಅಲ್ಲೇ ಓದಿದೆ: “ಅರ್ಜಿದಾರರೇ ವಾಸನೆ ಇರುವುದನ್ನು ಒಪ್ಪಿಕೊಂಡಿರುವುದರಿಂದ ಪರೀಕ್ಷೆಯ ಅಗತ್ಯ ಕಂಡುಬರುವುದಿಲ್ಲ.”

ವಾಸನೆ ಎಂದರೆ ಕೊಳೆತದ್ದು ಎಂದು ಯಾವ ನಿಘಂಟು ಹೇಳಿತು, ಮಾನ್ಯರೇ? ಸುವಾಸನೆಯಲ್ಲಿರುವುದೂ ಅದೇ ವಾಸನೆಯಲ್ಲವೇ? ಒಂದು ‘ಸು’ ಇಲ್ಲವೆಂದು ಮೂವತ್ತು ವರ್ಷದ ಬೀಜವನ್ನು ಸುಡುವುದೇ? ಜನರ ಮಾತು ಗೊತ್ತಿಲ್ಲದವರು ಜನರ ಬೀಜಕ್ಕೆ ಅಧಿಕಾರಿಗಳೇ? ಗೂಗಲ್ಲಿನಲ್ಲಿ ಹೋಗಿ ಕೇಳಿ. ಅದನ್ನು ತಲೆತಲಾಂತರದಿಂದ ವಾಸನೆಯ ನೆಲ್ಲು ಎಂದೇ ಕರೆಯುತ್ತಾ…

ಇಲ್ಲ. ಹಾಗೆ ಯಾರೂ ಕರೆಯುವುದಿಲ್ಲ.

“ಘಮ್ಮನೆಲ್ಲು ಅಂತ ಬರಿಯಪ್ಪಾ,” ಎಂದು ದುರುಗಮ್ಮ ಎರಡು ಸಲ ಹೇಳಿದ್ದಳು. “ಅದು ಹಳ್ಳಿ ಮಾತಬೇ, ಆಫೀಸಿಗೆ ನಡಿಯಂಗಿಲ್ಲ,” ಎಂದು ನಕ್ಕು ನಾನು ಬರೆದದ್ದು ಇದು: “ನಿಮ್ಮದು ಯೋಜನೆ, ನಮ್ಮದು ವಾಸನೆ, ಪರಿಶೀಲಿಸಿರೆಂದು ಯಾಚನೆ.” ಪ್ರಾಸ ಕೂಡಿತೆಂದು ಆ ದಿನವೆಲ್ಲ ಖುಷಿಯಲ್ಲಿದ್ದೆ. ನಮ್ಮ ಕಡೆ ಹಳಸಿದ ಅನ್ನಕ್ಕೆ ‘ವಾಸನಿ ಬಂದದ’ ಅನ್ನುತ್ತಾರೆಂದು ನಿಮಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಅವಳಿಗೆ ಓದಲು ಬರುವುದಿಲ್ಲ. ತಪ್ಪೆಲ್ಲ ಕಚೇರಿಯದು ಎಂದು ನಾನು ಹೇಳಿದ್ದನ್ನು ನಂಬಿದ್ದಾಳೆ. ಎಂಟು ಅಕ್ಷರ ಉದುರಿ ಹುಟ್ಟಿದ ಪರಿಮಳಕ್ಕೆ ನನ್ನ ಮೂರಕ್ಷರ ಬೆಂಕಿ ಹಚ್ಚಲಿವೆ.

ಚೀಲ ಬಿಚ್ಚದ್ದು ನಿಮ್ಮ ತಪ್ಪೇ, ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಅರ್ಜಿಯನ್ನು ತಿರಸ್ಕರಿಸಿ, ಬರೆದವನ ಮೇಲೆ ಏನು ಬೇಕಾದರೂ ಕ್ರಮ ಕೈಗೊಳ್ಳಿ, ನೆಲ್ಲನ್ನು ಮಾತ್ರ ಸುಡಬೇಡಿ. ಅವಳ ಮಡಿ ಹಸನಾಗಿ ಕಾಯುತ್ತಿದೆ, ಬೀಜ ಚೆಲ್ಲಲು ಹತ್ತು ದಿನವೂ ಉಳಿದಿಲ್ಲ. ಸೋಮವಾರ ಹತ್ತಕ್ಕೇ ಇಬ್ಬರೂ ಬರುತ್ತೇವೆ. ಅದಕ್ಕೂ ಮೊದಲು, ಭಾನುವಾರ, ಗೂಗಲ್ಲಿಗೆ ಹೋಗಿ ಈ ಪತ್ರವನ್ನು ಅವಳಿಗೆ ನಾನೇ ಓದಿ ಹೇಳುತ್ತೇನೆ. ನಿಮ್ಮ ಕಿಟಕಿಗಿಂತ ಅವಳ ಹೊಸ್ತಿಲಿಗೆ ನನಗೆ ಹೆಚ್ಚು ಭಯ.

ಇಂತಿ,
ಪ್ರಾಸ ಉಳಿಸಿಕೊಂಡು ಬೀಜ ಕಳೆದವನು,
ಅಮೋಘಸಿದ್ದ
ಅರ್ಜಿ ಬರೆಯುವವನು, ದೇವದುರ್ಗ
(ಇನ್ನು ಮೇಲೆ, ಹೇಳಿದ್ದನ್ನು ಹೇಳಿದಂತೆ)