ಕ್ಲಿನಿಕ್ಕಿನಲ್ಲಿ ನಾಯಿ ವಾಸನೆ

ಮಗಳೇ,

ನಾಯಿಮರಿ ತಂದ ದಿನ, ನಾನು ಕ್ಲಿನಿಕ್ ಸ್ವಚ್ಛ ಮಾಡಲು ಒಯ್ಯುವ ವ್ಯಾಕ್ಯೂಮ್ ಕ್ಲೀನರ್ ಮುಟ್ಟುವುದಿಲ್ಲ ಎಂದು ನೀನು ಮಾತು ಕೊಟ್ಟಿದ್ದೆ. ಮೊನ್ನೆ ನಾಯಿಗೆ ಸ್ನಾನ ಮಾಡಿಸಿ ಒದ್ದೆ ಕೂದಲನ್ನೆಲ್ಲ ಆ ವ್ಯಾಕ್ಯೂಮಿನಲ್ಲೇ ಎಳೆದಿದ್ದೀಯ. ಇವತ್ತು ಸಂಜೆ ಕ್ಲಿನಿಕ್ಕಿನಲ್ಲಿ ಅದರ ಸ್ವಿಚ್ ಹಾಕಿದ್ದೇ ತಡ, ಹಲ್ಲಿನ ಡಾಕ್ಟರು ಮೂಗು ಮುಚ್ಚಿಕೊಂಡರು. "ನಾಯೀನೂ ಕೆಲಸಕ್ಕೆ ಕರ್ಕೊಂಡ್ ಬಂದ್ರಾ? ನಾಳೇನೂ ಹೀಗೇ ಇದ್ರೆ ನೀವು ಬರೋದೇ ಬೇಡ" ಎಂದರು. ಆ ಕೆಲಸ ಹೋದರೆ ಮುಂದೇನು ಎಂದು ನನಗೆ ತೋಚುವುದಿಲ್ಲ.

ವ್ಯಾಕ್ಯೂಮಿನ ಕಸದ ಚೀಲ ಬಿಸಾಕಿದ್ದೇನೆ. ಫಿಲ್ಟರ್ ತೊಳೆದು ಕಿಟಕಿಯಲ್ಲಿಟ್ಟಿದ್ದೇನೆ; ಪೂರ್ತಿ ಒಣಗುವ ಮುಂಚೆ ಹಾಕಬೇಡ, ನಿನ್ನ ಕಾಲಿಗೆ ಬೀಳುತ್ತೇನೆ. ಬ್ರಷ್ಷಿಗೆ ಸುತ್ತಿದ ಕೂದಲನ್ನು ಕತ್ತರಿಯಿಂದ ತೆಗೆ. ನಾಳೆ ಬೆಳಿಗ್ಗೆ ಪೈಪನ್ನು ಸೋಪುನೀರಿನಲ್ಲಿ ತೊಳೆದು ಬಿಸಿಲಿಗೆ ನೇತುಹಾಕು. ವಾಸನೆ ಹೋಗಲು ವ್ಯಾಕ್ಯೂಮಿನ ಡಬ್ಬದೊಳಗೆ ಅಡುಗೆ ಸೋಡಾ ಉದುರಿಸಿ, ಮಧ್ಯಾಹ್ನ ಒರೆಸಿ ತೆಗೆ. ಸಂಜೆ ಐದಕ್ಕೆ ಬಂದು ಕ್ಲಿನಿಕ್ಕಿಗೆ ಒಯ್ಯುತ್ತೇನೆ.

ನಾಯಿಗೆ ಬೈಯಬೇಡ. ಮಾತು ತಪ್ಪಿದ್ದು ನೀನು.

ಅಮ್ಮ