ಚಾವಣಿ ಮುಟ್ಟದ ಗೋಡೆ

ಅಕ್ಕರೆಯ ದೊಡ್ಡಮ್ಮನಿಗೆ,

ತಾಯಿಯಿಲ್ಲದ ನನ್ನನ್ನು ನೀನು ಯಾವ ಹೊಲಿಗೆ ಯಂತ್ರ ತುಳಿದು ಓದಿಸಿದೆಯೋ, ಅದರ ಮೇಲೇ ಕಾಗದ ಹರಡಿಕೊಂಡು ಬರೆಯುತ್ತಿದ್ದೇನೆ. ನೀನು ಹೋಗಿ ಇಂದಿಗೆ ಐದು ತಿಂಗಳು. ಮೊನ್ನೆ ನಮ್ಮ ಕ್ಲಿನಿಕ್ಕಿನ ಗೋಡೆ ಮುಗಿಯಿತು. ಅದನ್ನು ಮೊದಲು ನಿನಗೇ ತಿಳಿಸಬೇಕೆನಿಸಿತು.

ಆ ಕೋಣೆ ನಿನಗೆ ಮರೆತಿರಲಾರದು. ಒಂದು ಹಜಾರಕ್ಕೆ ನಡುವೆ ಪ್ಲೈವುಡ್ ನಿಲ್ಲಿಸಿದ್ದರು: ಈಚೆ ನಾನು, ಆಚೆ ಕಾಯುವವರ ಬೆಂಚು. ಇದ್ದ ಒಂದೇ ಫ್ಯಾನಿನ ಗಾಳಿ ಎರಡೂ ಕಡೆಗೆ ಸಿಗಲೆಂದು ಆ ಹಲಗೆಯನ್ನು ಚಾವಣಿಗಿಂತ ಒಂದು ಮೊಳ ಕೆಳಗೇ ಬಿಟ್ಟಿದ್ದರು. ಗಾಳಿಯೊಡನೆ ಮಾತೂ ದಾಟುತ್ತಿತ್ತು. ಅದಕ್ಕೆ ನಮ್ಮ ಆಯಾ ತನ್ನದೇ ಉಪಾಯ ಮಾಡಿಕೊಂಡಿದ್ದಳು: ಹೆಂಗಸರು ಒಳಗೆ ಬಂದು ಕೂತೊಡನೆ ಮೂಲೆಯ ನಲ್ಲಿಯನ್ನು ತಗಡಿನ ಬಕೆಟ್ಟಿಗೆ ಭೋರೆಂದು ಬಿಟ್ಟುಬಿಡುವಳು. ಇಡೀ ಮೆಡಿಕಲ್ ಕಾಲೇಜಿಗೇ ಮೊದಲಿಗಳಾಗಿ ಪಾಸಾಗಿ ಬಂದ ನನಗೆ ಆ ಸದ್ದಿನಲ್ಲಿ ರೋಗಿಯ ಎದೆಬಡಿತ ಕೇಳಿಸಲಿಲ್ಲ. ಮೊದಲ ದಿನವೇ ನಿಲ್ಲಿಸಿದೆ.

"ಹರೀಲಿ ಬಿಡಿ ಡಾಕ್ಟ್ರಮ್ಮ, ನೀರು ಯಾರ ಚಾಡೀನೂ ಹೇಳಲ್ಲ" ಎಂದಳು.

"ಇದು ಕ್ಲಿನಿಕ್ಕು, ಬಚ್ಚಲುಮನೆ ಅಲ್ಲ" ಎಂದೆ.

ಮರುವಾರ ನೀನು ಚೀಟಿ ಹಿಡಿದು, ಎಲ್ಲರಂತೆ ಸರದಿಯಲ್ಲಿ ಬಂದೆ. ಆಚೆಯಿಂದ ನಿನ್ನ ಗಿರಾಕಿಯೊಬ್ಬಳು, "ಟೈಲರಮ್ಮಾ, ಬೇಗ ವಾಸಿ ಮಾಡ್ಕೊಳ್ಳಿ, ನನ್ನ ಬ್ಲೌಸು ಇನ್ನೂ ನಿಮ್ಮತ್ರಾನೇ ಇದೆ!" ಎಂದು ಕೂಗಿದಳು. ಬೆಂಚಿಗೆ ಬೆಂಚೇ ನಕ್ಕಿತು. ಬೀದಿಯ ಹೆಂಗಸರೆಲ್ಲರ ಎದೆಯಳತೆ ಬಲ್ಲವಳು ನೀನು. ಒಬ್ಬರದನ್ನೂ ಮತ್ತೊಬ್ಬರ ಮುಂದೆ ಬಾಯಿಬಿಟ್ಟವಳಲ್ಲ. ನಿನ್ನ ಕಣ್ಣು ಹಲಗೆಯ ಮೇಲಿನ ಕಂಡಿಗೆ ಹೋಯಿತು, ಅಲ್ಲಿಂದ ನಲ್ಲಿಗೆ ಬಂತು.

"ಅದನ್ನ ಸ್ವಲ್ಪ ಬಿಡ್ತೀಯಾ? ಕೈ ತೊಳ್ಕೋಬೇಕು."

"ಆಮೇಲೆ ತೊಳ್ಕೋ ದೊಡ್ಡಮ್ಮ. ಮೊದ್ಲು ಏನಾಗಿದೆ ಹೇಳು" ಎಂದೆ, ಬೆಂಚಿಗೂ ಕೇಳುವಂತೆ.

ಎದೆಯವರೆಗೆ ಏರಿದ ನಿನ್ನ ಕೈ ಹಾಗೆಯೇ ಇಳಿಯಿತು. "ಏನಿಲ್ಲಮ್ಮ. ಸುಸ್ತು, ಅಷ್ಟೇ." ಪರೀಕ್ಷೆಯಲ್ಲಿ ಎದೆಯ ಗಂಟಿನ ಪ್ರಶ್ನೆಗೆ ಪೂರ್ಣ ಅಂಕ ಪಡೆದವಳು ನಿನಗೆ ಶಕ್ತಿಯ ಮಾತ್ರೆ ಬರೆದುಕೊಟ್ಟೆ.

ನೀನು ನುಂಗಿದ ಮಾತನ್ನು ಎಂಟು ತಿಂಗಳ ಮೇಲೆ ನಿನ್ನ ಎದೆಯ ಗಂಟೇ ಹೇಳಿತು. ಕೈಮೀರಿತ್ತು. ದೊಡ್ಡಾಸ್ಪತ್ರೆಯ ಮಂಚದ ಪಕ್ಕ ಕೂತು ನಾನು, ಮನೆಯಲ್ಲಾದರೂ ಏಕೆ ಹೇಳಲಿಲ್ಲವೆಂದು ಅತ್ತಾಗ ನೀನು ನಕ್ಕೆ. "ಮನೇಲಿ ನೀನು ನನ್ನ ಕೂಸು ಕಣೇ. ಕೂಸಿನ ಹತ್ರ ಹೇಳೋ ಮಾತಾ ಅದು? ಡಾಕ್ಟ್ರಿಗೇ ಹೇಳೋಣ ಅಂತ ಚೀಟಿ ಮಾಡಿಸ್ಕೊಂಡು ಬಂದೆ."

ಅಂದಿನಿಂದ ಆ ಕುರ್ಚಿಯಲ್ಲಿ ಯಾರೇ ಕೂತರೂ ಕಂಡಿಯತ್ತ ಏಳುವುದು ನಿನ್ನ ಕಣ್ಣೇ. ಮೇಲಿನವರಿಗೆ ಬರೆದೂ ಬರೆದೂ ಕಡೆಗೆ ಗೋಡೆ ಕಟ್ಟಿಸಿದೆ. ಇಟ್ಟಿಗೆಯದು, ಚಾವಣಿ ಮುಟ್ಟುವಂಥದು. ಆಚೆಗೆ ಬೇರೆಯದೇ ಫ್ಯಾನು.

ನಿನ್ನೆ ಆ ಗೋಡೆಯ ಈಚೆ ಕೂತ ಮೊದಲ ಹೆಂಗಸೂ ಮೇಲೆ ನೋಡಿದಳು. ಕಂಡಿ ಇರಲಿಲ್ಲ, ಆದರೂ ಅವಳು ಬಾಯಿ ಬಿಡಲಿಲ್ಲ. ನಾನೇ ಎದ್ದು ನಲ್ಲಿ ತಿರುಗಿಸಿದೆ. ಬಕೆಟ್ಟು ಅರ್ಧ ತುಂಬುವಷ್ಟರಲ್ಲಿ ಅವಳು ಹೇಳತೊಡಗಿದಳು.

ಅವಳು ಹೋದ ಮೇಲೂ ನಲ್ಲಿ ನಿಲ್ಲಿಸಲಿಲ್ಲ, ದೊಡ್ಡಮ್ಮ. ಖಾಲಿ ಕುರ್ಚಿಯೆದುರು, ಬಕೆಟ್ಟು ತುಂಬಿ ಹರಿಯುವವರೆಗೂ ಕಿವಿಗೊಟ್ಟು ಕೂತಿದ್ದೆ.

ನೀನಿರುವಲ್ಲಿ ನೋವು ನಿನ್ನ ನೆರಳನ್ನೂ ಸೋಕದಿರಲಿ.

ನಿನ್ನ ಡಾಕ್ಟರಾಗಲು ತಡವಾದ,
ನಿನ್ನ ಕೂಸು