ಒಂದು ನೂಲು ಬಿಟ್ಟು

ಅರಸೀಕೆರೆ
ಎರಡನೆಯ ಆಶ್ವೀಜ, ಮೂವತ್ತೈದನೆಯ ತಾರೀಖು
ನಿಮ್ಮ ಎಣಿಕೆಯಲ್ಲಿ ಇಸವಿ 2417

ಮಾನ್ಯ ಷಡಕ್ಷರಪ್ಪನವರಿಗೆ ಮಲ್ಲಾಜಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆಗಾಲ ತನ್ನ ಜಾಗ ಬಿಟ್ಟು ಅಲೆಯಲು ಶುರುಮಾಡಿದ ಮೇಲೆ ನಮ್ಮ ಹಿರಿಯರು ತಿಂಗಳುಗಳನ್ನು ಎಳೆದು ಉದ್ದ ಮಾಡಿದರು. ಅದೂ ಸಾಲದಿದ್ದಾಗ ಒಂದೇ ತಿಂಗಳನ್ನು ಎರಡು ಸಲ ಇಟ್ಟುಕೊಂಡರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡ ನಮಗೆ ಹಳಗನ್ನಡ. ಕಲಿತು ಬರೆಯುತ್ತಿದ್ದೇನೆ. ಎರವಲು ಸೀರೆ ಉಟ್ಟವಳಂತೆ ನನ್ನ ಕೈ ಸದಾ ನೆರಿಗೆಯ ಮೇಲೇ ಇದೆ. ಇಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಎಂದರೆ ನಾನೊಬ್ಬಳೇ.

ಹಿಂದಿನ ಕಾಲಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಆದರೂ ಬರೆಯಲು ಕೂತಿದ್ದೇನೆ, ಯಾಕೆಂದರೆ ಇವತ್ತು ಆಯುಧಪೂಜೆ. ಕಬ್ಬಿಣವನ್ನು ತಿರುಗಿಸಿ ಸವರುವ ನಿಮ್ಮ ಲೇಥಿಗೆ ವಿಭೂತಿ, ಕುಂಕುಮ ಹಚ್ಚಿ ಹೂವು ಮುಡಿಸಿದ್ದಾಗಿದೆ. ಪೂಜೆಗೆ ಕೂತ ಆಯುಧವನ್ನು ಇವತ್ತು ಮುಟ್ಟುವಂತಿಲ್ಲ. ಲೇಖನಿಯೂ ಆಯುಧವೇ ಅಲ್ಲವೇನವ್ವಾ ಎಂದು ನನ್ನ ಗುರು ಚೆಲುವಯ್ಯ ಇದ್ದಿದ್ದರೆ ತಕರಾರು ತೆಗೆಯುತ್ತಿದ್ದರು. ಅದಕ್ಕೇ ಸೀಸದಕಡ್ಡಿಯ ತುಂಡಿನಲ್ಲಿ ಬರೆಯುತ್ತಿದ್ದೇನೆ. ನನ್ನ ಹತ್ತಿರ ಒಂದು ಸಂಗತಿ ಇದೆ. ಅದನ್ನು ಹೇಳಬೇಕಾಗಿದ್ದದ್ದು ಚೆಲುವಯ್ಯನವರಿಗೆ. ಅವರು ತೀರಿಕೊಂಡ ಮೇಲೆ ಅದು ನನಗೆ ಗೊತ್ತಾಯಿತು. ಹೇಳಿದರೆ ಅರ್ಥ ಮಾಡಿಕೊಳ್ಳುವ ಇನ್ನೊಬ್ಬರು ಈ ಕಾಲದಲ್ಲಿ ಎಲ್ಲಿದ್ದಾರೋ ನನಗೆ ತಿಳಿಯದು. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ.

ನಿಮ್ಮ ಹೆಸರು ಹೇಗೆ ಗೊತ್ತು ಎಂದು ಕೇಳುತ್ತೀರೇನೋ. ನೀವೇ ಲೇಥಿನ ಮೈಮೇಲೆ ಬರೆಸಿದ್ದೀರಲ್ಲ, ಪಾತ್ರೆ ಅಂಗಡಿಯಲ್ಲಿ ಚೊಂಬಿನ ಮೇಲೆ ಹೆಸರು ಕೊರೆದ ಹಾಗೆ, ಚುಕ್ಕಿ ಚುಕ್ಕಿಯಾಗಿ: ‘ಷಡಕ್ಷರಪ್ಪ, ಅರಸೀಕೆರೆ. ಕೇಳದೆ ಮುಟ್ಟಬೇಡಿ.’ ಯಾವ ಪುಣ್ಯಾತ್ಮ ಕೇಳದೆ ಮುಟ್ಟಿ ನಿಮ್ಮ ಹೊಟ್ಟೆ ಉರಿಸಿದ್ದನೋ ಕಾಣೆ. ನಾವಂತೂ ಆ ಮಾತನ್ನು ತಲೆಮಾರುಗಳಿಂದ ಪಾಲಿಸಿಕೊಂಡು ಬಂದಿದ್ದೇವೆ. ಬೆಳಿಗ್ಗೆ ಷೆಡ್ಡಿನ ಬಾಗಿಲು ತೆಗೆದ ಕೂಡಲೇ ಕೈಮುಗಿದು, ‘ಷಡಕ್ಷರಪ್ಪನವರೇ, ಮುಟ್ಟಲೇ?’ ಎಂದು ಕೇಳುತ್ತೇವೆ. ನೀವು ಒಂದು ದಿನವೂ ಬೇಡ ಎಂದಿಲ್ಲ. ಈಗೀಗ ದಿನಕ್ಕೆ ನಾನು ಬಾಯಿಬಿಟ್ಟು ಆಡುವ ಮಾತು ಅದೊಂದೇ ಆಗಿರುವುದೂ ಉಂಟು.

ನಮ್ಮ ಕಾಲ ಕೆಟ್ಟದ್ದೆಂದು ತಿಳಿಯಬೇಡಿ. ಹಸಿವಿಲ್ಲ, ಜಗಳ ಕಡಿಮೆ. ಬೀದಿಗೊಂದು ಸುರಿಮನೆ ಇದೆ. ಅದರ ಕಿಟಕಿಯ ಮುಂದೆ ನಿಂತು ಸೌಟು ಎಂದರೆ ಸೌಟು, ಚಪ್ಪಲಿ ಎಂದರೆ ಚಪ್ಪಲಿ, ಒಳಗೆ ಬಿಸಿಯಾದ ಹಿಟ್ಟಿನಂಥದ್ದು ಸುರಿದು ಗಟ್ಟಿಯಾಗಿ ಈಚೆ ಬರುತ್ತದೆ. ಮುರಿದರೆ ಅದೇ ಕಿಟಕಿಯೊಳಗೆ ಎಸೆದು ಹೊಸದು ತರುತ್ತೇವೆ. ಹಳೆಯದಾಗುವಷ್ಟು ದಿನ ಯಾವ ವಸ್ತುವೂ ಯಾರ ಮನೆಯಲ್ಲೂ ಉಳಿಯುವುದಿಲ್ಲ. ರಿಪೇರಿ ಎಂಬ ನಿಮ್ಮ ಪದ ಇನ್ನೂ ಬದುಕಿದೆ, ಆದರೆ ಬೈಗುಳವಾಗಿ. ಬೇಡದ ಕೆಲಸಕ್ಕೆ ಕೈಹಾಕಿ ಕೂತವರನ್ನು ರಿಪೇರಿ ಎನ್ನುತ್ತಾರೆ. ಬೀದಿಯಲ್ಲಿ ನಾನು ರಿಪೇರಿ ಅಜ್ಜಿ. ಕರೆಯುವವರಿಗೆ ನನ್ನ ಮೇಲೆ ಕೋಪವೇನಿಲ್ಲ, ಎದುರಿಗೆ ಸಿಕ್ಕರೆ ಆರೋಗ್ಯ ವಿಚಾರಿಸುತ್ತಾರೆ. ನಾನು ಷೆಡ್ಡಿನಲ್ಲಿ ಏನು ಮಾಡುತ್ತೇನೆಂದು ಮಾತ್ರ ಯಾರೂ ಕೇಳುವುದಿಲ್ಲ.

ಮಾಡುವುದು ರೈಲು. ಅಂಗೈಯಲ್ಲಿ ಕೂರುವಂಥ ಪುಟ್ಟ ರೈಲಿನ ಎಂಜಿನ್ನು. ನಿಜವಾದ ರೈಲನ್ನು ನಾವ್ಯಾರೂ ಕಂಡವರಲ್ಲ. ಅರಸೀಕೆರೆಯಲ್ಲಿ ಹಳಿಗಳು ನಾಲ್ಕು ದಿಕ್ಕಿಗೂ ಬಳ್ಳಿಯ ಹಾಗೆ ಹರಡಿದ್ದವಂತೆ. ಅವನ್ನು ಕಿತ್ತು ಊರಿನ ಉಗ್ರಾಣದಲ್ಲಿ ಒಟ್ಟಿದ್ದಾರೆ. ರೈಲಿನ ಹುಚ್ಚಿದ್ದವರಿಗೆ ವರ್ಷಕ್ಕಿಷ್ಟು ಎಂದು ಕಬ್ಬಿಣ ಕೊಡುತ್ತಾರೆ. ಮಾಡಿನ ಮೇಲೆ ಬಿಸಿಲುಬಟ್ಟೆ ಹಾಸಿದ್ದೇನೆ. ಬಿಸಿಲು ಕುಡಿದು ಶಕ್ತಿ ಕೊಡುವ ಬಟ್ಟೆ ಅದು. ಬಿಸಿಲಿರುವಷ್ಟು ಹೊತ್ತು ನಿಮ್ಮ ಲೇಥು ತಿರುಗುತ್ತದೆ, ಮೋಡ ಕವಿದರೆ ಅದೂ ನಾನೂ ಸುಮ್ಮನೆ ಕೂರುತ್ತೇವೆ. ಹಿಂದೆ ಈ ಹುಚ್ಚಿನವರು ಷೆಡ್ಡು ತುಂಬ ಇದ್ದರು. ಆಯುಧಪೂಜೆಯ ದಿನ ಪುರಿ, ಕಡ್ಲೆಯ ಜೊತೆ ಹಂಚಲು ಬಾಳೆಹಣ್ಣು ಸಾಲುತ್ತಿರಲಿಲ್ಲ. ಒಬ್ಬೊಬ್ಬರೇ ಮುದುಕರಾದರು, ಊರು ಬದಲಿಸಿದರು, ಹೋದರು. ಕೊನೆಗೆ ಚೆಲುವಯ್ಯ ಮತ್ತು ನಾನು ಉಳಿದೆವು.

ಚೆಲುವಯ್ಯ ನನಗೆ ಕೆಲಸ ಕಲಿಸಿದ್ದು ಒಂದು ಪದದಿಂದ, ಹಾಡಿನಂಥ ನಾಲ್ಕು ಮಾತಿನಿಂದ. ಅವರಿಗೆ ಅವರ ಗುರು, ಆ ಗುರುವಿಗೆ ಮತ್ತೊಬ್ಬರು, ಹೀಗೆ ಹಿಂದಕ್ಕೆ ಹೋದರೆ ಅದು ನಿಮ್ಮ ಬಾಯಿಂದಲೇ ಬಂದದ್ದೆಂದು ನಮ್ಮ ನಂಬಿಕೆ: ‘ಅಳತೆ ಹಿಡಿ, ನೂಲು ಬಿಟ್ಟು ಕಡಿ, ಮುಖ ಸವರು, ಎಣ್ಣೆ ಕುಡಿಸು.’ ನಾವು ಅದರಂತೆಯೇ ಮಾಡಿದೆವು. ಕಬ್ಬಿಣದ ಕಂಬಿಯ ಮೇಲೆ ಅಳತೆ ಗುರುತು ಮಾಡಿ, ಒಂದು ಗೇಣು ಬಿಳಿ ಹತ್ತಿನೂಲನ್ನು ಕಣ್ಣಿಗೊತ್ತಿಕೊಂಡು ಕಂಬಿಯ ಮೇಲೆ ಬಿಡುತ್ತಿದ್ದೆವು. ನೂಲು ಜಾರಿ ಕೆಳಗೆ ಬಿದ್ದ ಮೇಲೆ ಗುರುತಿನ ಮೇಲೇ ಗರಗಸವಿಟ್ಟು ಕಡಿಯುವುದು. ಆಮೇಲೆ ಲೇಥಿಗೆ ಕಚ್ಚಿಸಿ, ಗರಗಸದ ಗೀರು ಹೋಗುವ ತನಕ ಎರಡೂ ತುದಿಯ ಮುಖ ಸವರಿ ನುಣುಪು ಮಾಡುವುದು. ನೂಲು ಯಾಕೆ ಬಿಡಬೇಕು ಎಂದು ನಾನು ಹೊಸದರಲ್ಲಿ ಕೇಳಿದ್ದೆ. ‘ಮನುಷ್ಯನ ಮಾನ ಮುಚ್ಚಿದ್ದು ಹತ್ತಿ ಕಣವ್ವ. ಕಬ್ಣುಕ್ಕಿಂತ ಮುಂಚೆ ಅದುಕ್ಕೆ ಮರ್ವಾದೆ’ ಎಂದರು. ಎಷ್ಟು ಚೆಂದದ ಉತ್ತರ! ನನ್ನ ಕಣ್ಣಲ್ಲಿ ನೀರು ಬಂದಿತ್ತು.

ನೀವು ನಗುತ್ತಿರಬಹುದು. ನಗಿ, ನಿಮಗೆ ಆ ಹಕ್ಕಿದೆ. ಗುರುತಿನ ಮೇಲೇ ಕಡಿದು, ಆಮೇಲೆ ಮುಖ ಸವರಿದರೆ ತುಂಡು ಗಿಡ್ಡವಾಗದೆ ಇನ್ನೇನಾಗುತ್ತದೆ? ನಮ್ಮ ತುಂಡುಗಳೆಲ್ಲ ಗಿಡ್ಡ. ಉಳಿದ ಸಂದಿಗೆ ತೆಳ್ಳಗಿನ ಉಂಗುರ ಮಾಡಿ ತೊಡಿಸುತ್ತಿದ್ದೆವು. ಅದಕ್ಕೆ ಗಿಡ್ಡಬಳೆ ಎಂದು ಹೆಸರು. ನಮ್ಮ ಎಂಜಿನ್ನುಗಳು ಮದುಮಗಳ ಹಾಗೆ ಬಳೆ ತೊಟ್ಟು, ಓಡುವಾಗ ಗಲಗಲ ಎನ್ನುತ್ತಿದ್ದವು. ಕಬ್ಬಿಣದ ಸ್ವಭಾವವೇ ಹಾಗೆ ಎಂದುಕೊಂಡಿದ್ದೆವು. ಒಂದು ಸಲ ನಾನು ತಡೆಯಲಾರದೆ ಗುರುತಿನಿಂದ ಚೂರು ಆಚೆಗೆ ಗರಗಸ ಇಟ್ಟೆ. ಚೆಲುವಯ್ಯ ನನ್ನ ಕೈ ಹಿಡಿದರು. ‘ಕಳ್ತನ ಮಾಡ್ತೀಯೇನವ್ವಾ? ಊರಿನ್ ಕಬ್ಣ ಇದು. ಅಳತೆ ಎಷ್ಟೋ ಅಷ್ಟೇ ಕಡಿ.’ ಅವರು ಅಂಥ ಮನುಷ್ಯ.

ಆದರೆ ಅವರಿಗೆ ಒಂದು ಕೊರಗಿತ್ತು. ನೀವು ಮಾಡಿದ ಒಂದು ಎಂಜಿನ್ನು ನಮ್ಮ ಷೆಡ್ಡಿನ ಗೋಡೆಯ ಗೂಡಿನಲ್ಲಿದೆ. ತುಕ್ಕು ಹಿಡಿದು ನಿಂತಿದೆ, ಓಡುವುದಿಲ್ಲ, ಆದರೆ ಅದಕ್ಕೆ ಒಂದೂ ಗಿಡ್ಡಬಳೆಯಿಲ್ಲ. ಚೆಲುವಯ್ಯ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಲ್ಲಿ ತಡವುತ್ತಾ ಕೂರುತ್ತಿದ್ದರು. ‘ಅವ್ರ ಪದ ಬಂತು, ಅವ್ರ ಕೈ ಬರ್ನಿಲ್ಲ. ನಂದು ಗಿಡ್ಡಗೈ ಕಣವ್ವ’ ಎನ್ನುತ್ತಿದ್ದರು. ಮೊದಮೊದಲು ನಗುತ್ತಾ ಹೇಳುತ್ತಿದ್ದ ಮಾತು ವಯಸ್ಸಾದಂತೆ ನಗುವಿಲ್ಲದೆ ಬರತೊಡಗಿತು. ಕೊನೆಯ ಕಾಯಿಲೆಯಲ್ಲಿ ಹಾಸಿಗೆಯ ಪಕ್ಕ ಕೂತಿದ್ದ ನನಗೆ ಕೈ ಚಾಚಿ ತೋರಿಸಿದರು. ದೊಡ್ಡ ಕೈ, ಉದ್ದ ಬೆರಳು. ‘ನೋಡವ್ವ, ನೋಡಕ್ಕೆ ಹೆಂಗದೆ. ಆದ್ರೂವೆ ಗಿಡ್ಡ’ ಎಂದರು. ಅಲ್ಲ ಎಂದು ಹೇಳಲು ನನ್ನ ಹತ್ತಿರ ಆಗ ಆಧಾರವಿರಲಿಲ್ಲ. ಆ ಕೈಯನ್ನೇ ಒತ್ತುತ್ತಾ ಕೂತೆ.

ಅವರು ಹೋದ ಮೇಲೆ ಒಂದು ಬೇಸಿಗೆ ನಾನು ಷೆಡ್ಡಿಗೆ ಹೋಗಲಿಲ್ಲ. ಹೋದಾಗ ಲೇಥಿನ ಕಾಲಿನ ಪೆಟ್ಟಿಗೆಯ ಬಾಗಿಲಲ್ಲಿ ಇಲಿ ಗೂಡು ಕಟ್ಟಿತ್ತು. ಆ ಬಾಗಿಲು ತುಕ್ಕು ಹಿಡಿದು ಕೂತುಬಿಟ್ಟದ್ದು. ಕೇಳದೆ ಮುಟ್ಟಬೇಡಿ ಎಂದಿದ್ದೀರಲ್ಲ, ಲೇಥು ಮುಟ್ಟಲು ಕೇಳುತ್ತಿದ್ದೆವೇ ಹೊರತು ಪೆಟ್ಟಿಗೆಗೆಂದು ಯಾರೂ ಬೇರೆಯಾಗಿ ಕೇಳಿರಲಿಲ್ಲ. ನಾನು ಕೇಳಿದೆ. ಎಣ್ಣೆ ಹಾಕಿ ತಟ್ಟಿ ತಟ್ಟಿ ತೆಗೆದರೆ ಒಳಗೆ ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿದ ಕಂಬಿಯ ತುಂಡುಗಳು. ಗರಗಸದಲ್ಲಿ ಕಡಿದಿದ್ದೀರಿ, ಇನ್ನೂ ಮುಖ ಸವರಿಲ್ಲ. ಪ್ರತಿಯೊಂದರ ಬೆನ್ನ ಮೇಲೂ ಆಗಬೇಕಾದ ಅಳತೆಯನ್ನು ಕುಟ್ಟಿದ್ದೀರಿ: ಒಂದರ ಮೇಲೆ ಎರಡು ಇಂಚು, ಇನ್ನೊಂದರ ಮೇಲೆ ಮೂರು ಇಂಚು. ಲೇಥಿಗೆ ನೀವು ಜಡಿದಿರುವ ಹಿತ್ತಾಳೆ ಪಟ್ಟಿಯ ಮೇಲೆ ಇಟ್ಟು ನೋಡಿದೆ. ಆ ಪಟ್ಟಿಯಲ್ಲಿ ಒಂದೊಂದು ಇಂಚಿಗೂ ಎಂಟು ಗೆರೆ. ಎರಡರ ತುಂಡು ಎರಡಕ್ಕಿಂತ ಒಂದು ಗೆರೆ ಉದ್ದ. ಮೂರರ ತುಂಡು ಮೂರಕ್ಕಿಂತ ಒಂದು ಗೆರೆ ಉದ್ದ. ಎಲ್ಲವೂ ಅಷ್ಟೇ, ಅದೇ ಒಂದು ಗೆರೆ.

ಪದವನ್ನು ಬಾಯಲ್ಲಿ ಹೇಳಿಕೊಂಡೆ. ನೂಲು ಬಿಟ್ಟು ಕಡಿ. ಬಿಡುವುದೆಂದರೆ ಕೈಯಿಂದ ಬೀಳಿಸುವುದಲ್ಲ, ಉಳಿಸುವುದು. ನೂಲು ಎಂದರೆ ಹತ್ತಿಯದಲ್ಲ, ಆ ಗೆರೆ. ಇಂಚಿನ ಎಂಟನೇ ಒಂದು ಪಾಲು. ಸವರಿದಾಗ ಸವೆಯಲೆಂದು ನೀವು ಉಳಿಸಿಕೊಳ್ಳುತ್ತಿದ್ದ ಚೂರು ಕಬ್ಬಿಣಕ್ಕೆ ನಿಮ್ಮವರು ಇಟ್ಟ ಹೆಸರು. ನಿಮಗೆ ಅದು ಎಷ್ಟು ಸಲೀಸಾದ ಮಾತೆಂದರೆ, ಬಿಡಿಸಿ ಹೇಳಬೇಕೆಂದು ನಿಮಗೆ ಹೊಳೆಯಲೇ ಇಲ್ಲ. ನನಗೆ ಸಿಟ್ಟು ಬಂತು ಷಡಕ್ಷರಪ್ಪನವರೇ. ನಿಮ್ಮ ಮೇಲೆ, ಆ ಪುಟ್ಟ ಪದದ ಮೇಲೆ, ಚೆಂದದ ಉತ್ತರಕ್ಕೆ ಮರುಳಾದ ನನ್ನ ಮೇಲೆ. ಓಡಿಹೋಗಿ ಹೇಳೋಣವೆಂದು ಎದ್ದೂಬಿಟ್ಟೆ. ಬಾಗಿಲ ತನಕ ಹೋದ ಮೇಲೆ ನೆನಪಾಯಿತು, ಹೇಳಲು ಅವರಿಲ್ಲ.

ಆಮೇಲೆ ಚೆಲುವಯ್ಯನವರ ಕೊನೆಯ ಎಂಜಿನ್ನನ್ನು ಬಿಚ್ಚಿದೆ. ಬಳೆಗಳನ್ನೆಲ್ಲ ತೆಗೆದು ತಟ್ಟೆಯಲ್ಲಿಟ್ಟೆ. ಹೊಸ ತುಂಡುಗಳನ್ನು ಒಂದು ನೂಲು ಉಳಿಸಿ ಕಡಿದೆ, ಸವರಿದೆ, ಜೋಡಿಸಿದೆ. ಪ್ರತಿಯೊಂದು ತುಂಡೂ ಹೋಗಿ ತನ್ನ ಜಾಗದಲ್ಲಿ ಕೂತಿತು. ನೀರು ಕಾಯಿಸಿ ಆವಿ ತುಂಬಿಸಿ ಬಿಟ್ಟರೆ ಎಂಜಿನ್ನು ಷೆಡ್ಡಿನ ಸುತ್ತ ಹಾಕಿದ ಪುಟ್ಟ ಹಳಿಯ ಮೇಲೆ ಓಡಿತು, ಗಲಗಲ ಎನ್ನದೆ, ಸದ್ದೇ ಇಲ್ಲದೆ. ಚಪ್ಪಾಳೆ ತಟ್ಟಬೇಕೆಂದು ಎತ್ತಿದ ಕೈ ಹಾಗೇ ನಿಂತಿತು. ಆ ಗಲಗಲ ಚೆಲುವಯ್ಯನವರ ಸದ್ದು. ಅವರು ತೀರಿಕೊಂಡ ದಿನ ಷೆಡ್ಡು ಖಾಲಿಯಾಗಿರಲಿಲ್ಲ, ಆ ಸದ್ದು ನಿಂತ ದಿನ ಖಾಲಿಯಾಯಿತು. ಹಳಿಯ ಪಕ್ಕ ಕೂತು ಜೋರಾಗಿ ಅತ್ತೆ. ಕೇಳುವವರಿಲ್ಲದಾಗ ನಾಚಿಕೆಯೇಕೆ?

ಇವತ್ತು ಪುರಿ, ಕಡ್ಲೆ ಹಿಂದಿನಷ್ಟೇ ತಂದಿದ್ದೇನೆ, ಅಭ್ಯಾಸಬಲ. ಪಕ್ಕದ ಮನೆಯ ಇಂಚರ ಬಂದಿದ್ದಳು. ಒಳ್ಳೆಯ ಹುಡುಗಿ. ಹೂವು ಮುಡಿದ ಲೇಥನ್ನು ಬಾಗಿಲಿಂದಲೇ ನೋಡಿ, ‘ಅಜ್ಜೀ, ಇದು ಏನ್ ಸುರೀತದೆ?’ ಎಂದು ಕೇಳಿದಳು. ‘ಸುರಿಯಲ್ಲ ಕಣಮ್ಮ, ಕಡೀತದೆ’ ಎಂದೆ. ‘ಅಯ್ಯೋ, ಕಡೀತದಾ?’ ಎಂದು ಎರಡು ಹೆಜ್ಜೆ ಹಿಂದಕ್ಕೆ ಸರಿದಳು, ನಾಯಿಯನ್ನು ಕಂಡವಳ ಹಾಗೆ. ಕಡಿಯುವುದು ಎಂಬ ಪದಕ್ಕೆ ಅವಳ ಬಾಯಲ್ಲಿ ಉಳಿದಿರುವುದು ಹಲ್ಲು ಮಾತ್ರ. ಕತ್ತರಿಸುವುದು ಎಂದು ನಾನು ಬಿಡಿಸಿ ಹೇಳುವ ಹೊತ್ತಿಗೆ ಅವಳು ಪುರಿಯ ಪೊಟ್ಟಣ ಹಿಡಿದು ಗೇಟು ದಾಟಿದ್ದಳು. ನನಗೆ ನಗು ಬಂತು. ಆಮೇಲೆ, ಎರಡು ಹೆಜ್ಜೆಯ ದೂರದಲ್ಲಿ ಒಂದು ಪದ ಹೀಗೆ ಜಾರುವುದಾದರೆ, ನಿಮ್ಮಿಂದ ನಮ್ಮ ತನಕ ಒಂದು ನೂಲು ನೂಲಾಗಿಯೇ ಬಂದು ತಲುಪೀತು ಎಂದು ಹೇಗೆ ಬಯಸಲಿ ಎನಿಸಿತು. ನಿಮ್ಮ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಈಗ ನನ್ನ ಬೇಡಿಕೆ. ಈ ಕಾಗದ ಹೇಗೋ ನಿಮ್ಮ ಕೈಸೇರಿದರೆ, ನಿಮ್ಮ ಷೆಡ್ಡಿಗೆ ಯಾರಾದರೂ ಬಂದು ಕೆಲಸ ಹೇಳಿಕೊಡಿ ಎಂದಾಗ, ಪದ ಹೇಳಿ ಸುಮ್ಮನಾಗಬೇಡಿ. ನೂಲು ಎಂದರೆ ಇಷ್ಟು ಎಂದು ಪಟ್ಟಿಯ ಮೇಲೆ ಅವರ ಉಗುರು ಇಡಿಸಿ ತೋರಿಸಿ. ಅದನ್ನು ಅವರು ಮುಂದಿನವರಿಗೆ ತೋರಿಸಲಿ. ನೀವು ಹಾಗೆ ಮಾಡಿದರೆ ನಮ್ಮ ಎಂಜಿನ್ನುಗಳಿಗೆ ಬಳೆಯಿರುವುದಿಲ್ಲ, ಆ ಗಲಗಲ ಹುಟ್ಟುವುದೇ ಇಲ್ಲ. ನನಗೆ ಅದು ಬೇಕು ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಇರಲಿ, ಹೇಳಿಕೊಡಿ. ಆ ಸದ್ದು ಹೋದರೆ ಹೋಗಲಿ. ಚೆಲುವಯ್ಯ ಒಂದು ದಿನ ತಮ್ಮ ಕೈಯನ್ನು ಚಾಚಿ ನೋಡಿಕೊಂಡು, ಪರವಾಗಿಲ್ಲ ಕಣವ್ವ, ಎನ್ನಲಿ.

ಕಾಗದ ನಿಮ್ಮನ್ನು ಮುಟ್ಟದಿದ್ದರೂ ಚಿಂತೆಯಿಲ್ಲ. ನಾಳೆ ಬೆಳಿಗ್ಗೆ ಎಂದಿನಂತೆ ಮುಟ್ಟಲೇ ಎಂದು ಕೇಳಿ, ಇದನ್ನು ಮಡಿಸಿ ನಿಮ್ಮ ಡಬ್ಬಿಯಲ್ಲಿಟ್ಟು, ಪೆಟ್ಟಿಗೆಯ ಬಾಗಿಲಿಗೆ ಎಣ್ಣೆ ಹಚ್ಚುತ್ತೇನೆ. ಆಮೇಲೆ ಅಳತೆ ಹಿಡಿದು, ನೂಲು ಬಿಟ್ಟು ಕಡಿಯುತ್ತೇನೆ. ಎರಡು ನೂಲು. ನಿಮ್ಮದನ್ನು ಕಬ್ಬಿಣದಲ್ಲಿ ಉಳಿಸುತ್ತೇನೆ. ಚೆಲುವಯ್ಯನವರದನ್ನು, ಹತ್ತಿಯದನ್ನು, ಕಣ್ಣಿಗೊತ್ತಿಕೊಂಡು ಕಂಬಿಯ ಮೇಲೆ ಬಿಡುತ್ತೇನೆ.

ಇಂತಿ,
ಕೇಳಿಯೇ ಮುಟ್ಟುವ
ಮಲ್ಲಾಜಮ್ಮ